ಮೂರನೇ ಕಿಟಕಿಯ ಕರ್ಚೀಫು

ಹೋದ ಶ್ರಾವಣದಲ್ಲಿ ಹರಪನಹಳ್ಳಿಯ ಒಂದು ಸೀಮಂತಕ್ಕೆ ಹೊರಟಿದ್ದೆ. ಹಗರಿಬೊಮ್ಮನಹಳ್ಳಿಯಿಂದ ಬಂದ ನಮ್ಮ ಬಸ್ಸು ಕೊಟ್ಟೂರಿನ ನಿಲ್ದಾಣದಲ್ಲಿ ಇನ್ನೂ ಪೂರ್ತಿ ನಿಂತಿರಲಿಲ್ಲ, ಕಿಟಕಿಗಳಿಂದ ಕೈಗಳು ಒಳಗೆ ನುಗ್ಗಿದವು. ಟವೆಲ್ಲು, ಸಂತೆ ಚೀಲ, ಛತ್ರಿ, ಯಾರದೋ ಟಿಫಿನ್ ಡಬ್ಬಿ. ನನ್ನ ಪಕ್ಕದ ಖಾಲಿ ಸೀಟಿಗೆ ಬೀಳಬೇಕಿದ್ದ ಒಂದು ಕರ್ಚೀಫು ಗುರಿ ತಪ್ಪಿ ನನ್ನ ಮಡಿಲಿಗೆ ಬಿತ್ತು. ಮಡಿಕೆ ಬಿಚ್ಚಿಕೊಂಡು ಪೌಡರಿನ ವಾಸನೆ, ಅದರ ಹಿಂದೆಯೇ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎರಡು ಬೆರಳಲ್ಲಿ ಅದನ್ನು ಹಿಡಿದುಕೊಂಡು, ಬಾಗಿಲ ಕಡೆ ನೋಡುತ್ತ ಕೂತೆ. ಯಾರೂ ಬಾರದಿದ್ದರೆ ಏನು ಮಾಡಲಿ ಎಂದು ನಿಜಕ್ಕೂ ಹೆದರಿದ್ದೆ.

ಬಂದರು. ದಪ್ಪನೆಯ ಮನುಷ್ಯರೊಬ್ಬರು ಏದುಸಿರು ಬಿಡುತ್ತ ಬಂದು, "ಯಕ್ಕಾ, ಅದು ನಂದ್ರಿ" ಎಂದು ಕರ್ಚೀಫು ಇಸಿದುಕೊಂಡು ಕುತ್ತಿಗೆ ಒರೆಸಿಕೊಂಡರು. "ಬಂದ್ರಲ್ಲ, ಚಲೋ ಆತು" ಎಂದೆ. ನನ್ನ ದನಿಯಲ್ಲಿದ್ದ ಸಮಾಧಾನ ಕಂಡು ಅವರು ಸ್ವಲ್ಪ ಸರಿದು ಕೂತರು. ತಲೆ ಸರಿಯಿಲ್ಲದ ಹೆಂಗಸು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಒಂದು ವರ್ಷ ಈ ಕೊಟ್ಟೂರಿನಲ್ಲಿದ್ದು ಬಂದವಳಿಗೆ ಅಷ್ಟು ಹಕ್ಕಿದೆ.

ಆಗ ಹರಪನಹಳ್ಳಿ ಇನ್ನೂ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನನಗೆ ಹಡಗಲಿ ಕಡೆಯಿಂದ ಕೊಟ್ಟೂರು–ಹರಪನಹಳ್ಳಿ ರಸ್ತೆಯ ಮೇಲಿನ ಒಂದು ಹಳ್ಳಿಯ ಹೈಸ್ಕೂಲಿಗೆ ವರ್ಗವಾಯಿತು. ನಮ್ಮ ಯಜಮಾನರು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮಗಳು ರೂಪಾ ಮೂರನೇ ಕ್ಲಾಸಿಗೆ ಕಾಲಿಡುವವಳು. ಗಂಡ ಒಂದು ದಿಕ್ಕು, ಹೆಂಡತಿ ಒಂದು ದಿಕ್ಕು, ಮಗುವಿಗೆ ಒಳ್ಳೆಯ ಶಾಲೆ ಬೇಕು, ಎಲ್ಲರೂ ಹೊತ್ತು ಮುಳುಗುವುದರೊಳಗೆ ಒಂದೇ ಮನೆಗೆ ಬಂದು ಸೇರಬೇಕು. ಅಂಥ ಊರು ಯಾವುದು?

ನಮ್ಮ ಯಜಮಾನರಿಗೆ ಇಂಥದ್ದು ಸಿಕ್ಕರೆ ಹಬ್ಬ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಐದು ಊರು ಬರೆದು ಗೆರೆ ಎಳೆದರು. ಶಾಲೆ, ನೀರು, ನೆರೆಹೊರೆ, ಬಸ್ಸು ಎಂದು ನಾಲ್ಕು ಮನೆ ಹಾಕಿದರು. ಹಗರಿಬೊಮ್ಮನಹಳ್ಳಿ ಅವರ ಕಾಲ ಬುಡ, ಆದರೆ ನಾನು ಕೋಳಿ ಕೂಗುವ ಹೊತ್ತಿಗೆ ಎದ್ದು ಎರಡು ಬಸ್ಸು ಹಿಡಿಯಬೇಕು. ಕೂಡ್ಲಿಗಿಗೆ ಹೆದ್ದಾರಿಯ ಬಸ್ಸು ಬೇಕಾದಷ್ಟು, ಒಂದೂ ನಮ್ಮಿಬ್ಬರ ದಾರಿಗೆ ಬರುವುದಿಲ್ಲ. ಹರಪನಹಳ್ಳಿ ನನಗೆ ಹತ್ತಿರ, ಅವರಿಗೆ ದೂರ. ಅದೂ ಅಲ್ಲದೆ ಹಡಗಲಿಯಲ್ಲಿದ್ದ ನಮ್ಮತ್ತೆ, "ಅದು ದಾವಣಗೆರಿ ಕಡಿ ಮಾತಿನ ಊರವ್ವ. ನಮ್ಮ ಹುಡುಗಿ ನಾಳೆ ನಮಗೇ ಅರ್ಥ ಆಗದಂಗ ಮಾತಾಡ್ತಾಳ" ಎಂದು ಅಡ್ಡಗಾಲು ಹಾಕಿದರು. ಹಡಗಲಿಯಲ್ಲೇ ಇರಿ ಎಂಬುದು ಅವರ ಆಸೆ. ಎಲ್ಲ ಕಳೆದು ಉಳಿದದ್ದು ಕೊಟ್ಟೂರು. ಅಲ್ಲಿಂದ ಅವರಿಗೂ ಒಂದೇ ಬಸ್ಸು, ನನಗೂ ಒಂದೇ ಬಸ್ಸು.

"ಬಸ್ ನೋಡದ ಊರು ಒಪ್ಪಬಾರದು" ಎಂದರು ಯಜಮಾನರು. ಹೆಣ್ಣು ನೋಡಲು ಹೊರಟವರ ಹಾಗೆ ಏಪ್ರಿಲಿನ ಒಂದು ಬೆಳಿಗ್ಗೆ ಇಬ್ಬರೂ ಹೋಗಿ ಕೊಟ್ಟೂರಿನ ನಿಲ್ದಾಣದಲ್ಲಿ ನಿಂತೆವು. ನಾನು ದಿನಾ ಹಿಡಿಯಬೇಕಾದ ಎಂಟೂ ಕಾಲಿನ ಬಸ್ಸು ಬಂತು. ಜನ ಜೇನು ಮುತ್ತಿದ ಹಾಗೆ ಮುತ್ತಿದರು. ಇದರಲ್ಲಿ ದಿನಾ ಮುಕ್ಕಾಲು ಗಂಟೆ ನಿಂತು ಹೋಗಿ, ಇಡೀ ದಿನ ನಿಂತು ಪಾಠ ಮಾಡಿ, ಮತ್ತೆ ನಿಂತು ಬರುವುದೇ?

ಅಷ್ಟರಲ್ಲಿ ಡ್ರೈವರಿನ ಬದಿಯಿಂದ ಒಬ್ಬ ಅಜ್ಜಿ, ಎಂಟು ವರ್ಷದ ಒಂದು ಹುಡುಗಿಯ ಕೈ ಹಿಡಿದು ಬಂದರು. ಆ ಗದ್ದಲ ಅವರಿಗೆ ತಾನಾಗಿ ದಾರಿ ಬಿಟ್ಟಿತು. ಅಜ್ಜಿ ಹುಡುಗಿಯ ಸೊಂಟ ಹಿಡಿದು ಎತ್ತಿದರು. ಹುಡುಗಿ ಮೂರನೇ ಕಿಟಕಿಯೊಳಗೆ ಕೈ ಹಾಕಿ, ತಿಳಿ ನೀಲಿ ಬಣ್ಣದ ಕರ್ಚೀಫನ್ನು ಸೀಟಿನ ಮೇಲೆ ಹಾಸಿ ಇಳಿದಳು. ಇಬ್ಬರೂ ಹಿಂದೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಬಸ್ಸು ತುಂಬಿತು. ಮೆಟ್ಟಿಲ ಮೇಲೆ ಜನ ಜೋತುಬಿದ್ದರು. ಆ ಒಂದು ಸೀಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಬಸ್ಸು ಹೊರಟಾಗಲೂ ಅದು ಖಾಲಿಯೇ ಇತ್ತು.

"ಮುಂದಿನ ಸ್ಟಾಪಿನಾಗ ಹತ್ತೋ ತಾಯಿಗೆ ಇರಬೇಕು" ಎಂದರು ಯಜಮಾನರು. ಅವರ ಕಣ್ಣು ಹೊಳೆಯುತ್ತಿತ್ತು. "ನೋಡಿದ್ಯಾ? ಇಷ್ಟು ಮಂದಿ ಅದಾರ, ಒಂದು ಕೂಸಿನ ಕರ್ಚೀಫಿಗೆ ಎಷ್ಟು ಮರ್ಯಾದಿ! ಊರಂದ್ರ ಹಿಂಗಿರಬೇಕು." ಕ್ಯಾಲೆಂಡರ್ ತೆಗೆದು ನೆರೆಹೊರೆ ಎಂಬ ಮನೆಯಲ್ಲಿ ಅಲ್ಲೇ ಗುರುತು ಹಾಕಿದರು. ಕೊಟ್ಟೂರನ್ನು ನಾವು ಒಪ್ಪಿದ್ದು ಹೀಗೆ. ಆ ಕರ್ಚೀಫು ನೋಡಿ.

ಜೂನಿನಲ್ಲಿ ಹಿಟ್ಟಿನ ಗಿರಣಿ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಹಾಲು ಉಕ್ಕಿಸುವ ಹೊತ್ತಿಗೆ ಪಕ್ಕದ ಮನೆಯವರು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದರು. ಶಾಲೆ ಕೂಗಳತೆ ದೂರ. ಎಲ್ಲ ಅಚ್ಚುಕಟ್ಟು. ಮಳೆ ಮಾತ್ರ ಬಂದೂ ಬಾರದ ಹಾಗೆ ನಾಲ್ಕು ಹನಿ ಚೆಲ್ಲಿ, ಗಾಳಿಗೆ ಊರು ಒಪ್ಪಿಸಿ ಹೋಗಿತ್ತು. ಆ ವರ್ಷದ ಗಾಳಿಯನ್ನು ನಾನು ಮರೆಯಲಾರೆ. ಹಗಲೂ ಇರುಳೂ ಬಾಗಿಲ ಚಿಲಕ ಅಲುಗಾಡುತ್ತಿತ್ತು. ಯಾರೋ ಬಂದರೆಂದು ಎದ್ದು ಹೋಗಿ ನೋಡುವುದು, ಯಾರೂ ಇಲ್ಲದೆ ವಾಪಸು ಬರುವುದು ನಮಗೆ ರೂಢಿಯಾಯಿತು.

ಮೊದಲ ದಿನ ಬಸ್ಸು ಹತ್ತಿದವಳು ಜನರ ನೂಕಾಟದಲ್ಲಿ ಮೂರನೇ ಸಾಲಿಗೆ ಬಂದು ನಿಂತೆ. ಕಿಟಕಿ ಪಕ್ಕದ ಸೀಟಿನಲ್ಲಿ ಅದೇ ನೀಲಿ ಕರ್ಚೀಫು ಇತ್ತು. ತಾಯಿ ಮುಂದಿನ ಸ್ಟಾಪಿನಲ್ಲಿ ತಾನೇ ಹತ್ತುವುದು, ಅಲ್ಲಿಯ ತನಕ ಕೂತರೆ ಏನು ಸವೆಯುತ್ತದೆ? ಬಂದಾಗ ಎದ್ದರಾಯಿತು. ಕರ್ಚೀಫನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ.

ಬಸ್ಸಿನ ಮಾತೆಲ್ಲ ನಿಂತಿತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿ ನಿಂತಿತು. ಕಂಡಕ್ಟರ್ ಹನುಮಂತಪ್ಪ ಬಾಯಿಯ ಹತ್ತಿರ ಒಯ್ದ ಸೀಟಿಯನ್ನು ಹಾಗೇ ಹಿಡಿದು ನಿಂತ. ಹಿಂದೆ, ಬೇವಿನ ಮರದ ಕಡೆಯಿಂದ ಒಂದು ಕೂಗು ಬಂತು.

"ಅಮ್ಮ ಕುಂತಾಳ! ನೋಡು, ಅಮ್ಮ ಕುಂತಾಳ!"

ಯಾರು ಕೂಗಿದ್ದೆಂದು ನಾನು ತಿರುಗಬೇಕು, ಪಕ್ಕದಲ್ಲಿದ್ದ ಹೆಂಗಸು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಉಗುರು ಒತ್ತಿತು. ಮುಂದೆ ನೋಡುತ್ತಲೇ, ತುಟಿ ಅಲುಗದ ಹಾಗೆ ಹೇಳಿದಳು: "ತಿರುಗಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ, ತಿರುಗಬ್ಯಾಡ್ರಿ."

ಬಸ್ಸು ಊರು ದಾಟಿದ ಮೇಲೆ ಕೈ ಬಿಟ್ಟಳು. ಅವಳು ಶಕುಂತಲಾ, ಮುಂದಿನ ಹಳ್ಳಿಯ ಆಸ್ಪತ್ರೆಯ ನರ್ಸು. ಎಲ್ಲರಿಗೂ ಸಿಸ್ಟರ್. ಅವಳೇ ಎಲ್ಲ ಹೇಳಿದಳು. ಆ ಸೀಟು ಗಿರಿಜಾ ಟೀಚರದು. ಆರು ವರ್ಷ ಇದೇ ಬಸ್ಸಿನಲ್ಲಿ ಓಡಾಡಿದವಳು. ಮಗಳು ಅನ್ನಪೂರ್ಣ ದಿನಾ ಬೆಳಿಗ್ಗೆ ಅಜ್ಜಿಯ ಜೊತೆ ಬಂದು ಅಮ್ಮನಿಗೆ ಸೀಟು ಹಿಡಿಯುತ್ತಿದ್ದಳು. ಹಿಂದಿನ ದಸರೆಯ ಹೊತ್ತಿಗೆ ಕಾಮಾಲೆಯಾಗಿ ಗಿರಿಜಾ ಟೀಚರ್ ತೀರಿಕೊಂಡಳು. ಗಂಡನ ಕೆಲಸ ಸಂಡೂರಿನ ಗಣಿಯಲ್ಲಿ, ತಿಂಗಳಿಗೊಮ್ಮೆ ಬಂದು ಹೋಗುವವನು. ಹುಡುಗಿಯನ್ನು ಸಾಕುವವರು ಗಿರಿಜಾಳ ತಾಯಿ ಬಸಮ್ಮಜ್ಜಿ.

"ಹದಿನೈದು ದಿನಕ್ಕ ಮತ್ತ ಇಬ್ಬರೂ ಕರ್ಚೀಫ್ ಹಿಡಕೊಂಡು ಬಂದ್ರು ನೋಡ್ರಿ" ಎಂದಳು ಸಿಸ್ಟರ್. "ನಮ್ಮ ಎದಿ ಒಡದು ಹೋತು. ಒಂದಿನ ಸಂಜಿ ಅಜ್ಜಿ ನನ್ನ ಕರದು ಹೇಳಿದ್ಲು, ಕೂಸಿಗೆ ಗೊತ್ತಾಗೂದು ಬ್ಯಾಡವ್ವ, ಅಮ್ಮಗ ಟ್ರೇನಿಂಗ್ ಐತಿ ಅಂತ ಹೇಳೀವಿ, ನೀವ್ಯಾರೂ ಬಾಯಿ ಬಿಡಬ್ಯಾಡ್ರಿ ಅಂತ. ಟ್ರೇನಿಂಗ್ ಮುಗಿಯೋ ತನಕ ಮನಿಯವರನ್ನ ನೋಡಂಗಿಲ್ಲ, ಮಾತಾಡ್ಸಂಗಿಲ್ಲ, ನೋಡಿದ್ರ ಆಕಿನ್ನ ದೂರ ವರ್ಗ ಮಾಡ್ತಾರ. ಅಮ್ಮ ಮುಂದಿನ ಸ್ಟಾಪಿನಾಗ ಹತ್ತತಾಳ. ಹಿಂಗ ಹೇಳ್ಯಾರ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾವನ್ನು ಮುಚ್ಚಿಡಲು ಬೇರೆ ಊರಿನವರು ದೇವರ ಹತ್ತಿರ ಹೋಗಿದ್ದಾಳೆ ಎನ್ನುತ್ತಾರೆ, ನಕ್ಷತ್ರವಾಗಿದ್ದಾಳೆ ಎನ್ನುತ್ತಾರೆ. ಮೇಷ್ಟರ ಮನೆಯ ಮಗುವಿಗೆ ಸರ್ಕಾರಿ ಆದೇಶ ಹೇಳಿದರೆ ಸಾಕು, ಎದುರು ಮಾತಿಲ್ಲ.

"ಅಯ್ಯೋ, ನನಗ ಗೊತ್ತಿದ್ದಿಲ್ರಿ. ನಾಳಿಯಿಂದ ಕುಂದ್ರಂಗಿಲ್ಲ" ಎಂದೆ.

"ಇವತ್ತು ಕುಂತುಬಿಟ್ಟೀರಿ. ನಾಳಿ ಮತ್ತ ಖಾಲಿ ಕಂಡ್ರ ಆ ಕೂಸಿಗೆ ಏನು ಹೇಳೂದು? ಇಷ್ಟು ದಿನದ ಮ್ಯಾಲ ಇವತ್ತು ಅದರ ಬಾಯಾಗ ಅಮ್ಮ ಅನ್ನೂದು ಕೇಳೀವಿ."

ಸಿಸ್ಟರಿನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು. ಆದರೆ ಸುಳ್ಳು ಹೇಳಬಾರದು, ನನ್ನ ತಲೆಯ ಒಂದು ಮೂಲೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ವರ್ಷವಿಡೀ ಕಿಟಕಿ ಪಕ್ಕದ ಸೀಟು. ನೂಕಾಟವಿಲ್ಲ, ಜಗಳವಿಲ್ಲ. ಪುಣ್ಯಕ್ಕೆ ಪುಣ್ಯ, ಸೀಟಿಗೆ ಸೀಟು. ನಿಂತು ಓಡಾಡಿದವರಿಗೆ ಮಾತ್ರ ಗೊತ್ತು, ಒಂದು ಸೀಟಿಗಾಗಿ ಮನುಷ್ಯ ಎಷ್ಟು ಒಳ್ಳೆಯವನಾಗಬಲ್ಲ ಎಂದು. ನಾನು ಒಪ್ಪಿದೆ.

ದಿನಾ ನಾನು ಎಡಗಡೆಯ ಬಾಗಿಲಿನಿಂದ ಹತ್ತುತ್ತಿದ್ದೆ. ಬಲಗಡೆಯ ಮೂರನೇ ಕಿಟಕಿಯಿಂದ ಕರ್ಚೀಫು ಬೀಳುತ್ತಿತ್ತು. ಅವರಿಬ್ಬರೂ ಬೇವಿನ ಮರ ಮುಟ್ಟುವ ತನಕ ಜನರ ಮರೆಯಲ್ಲಿ ನಿಂತಿದ್ದು, ಆಮೇಲೆ ಹೋಗಿ ಕೂರುತ್ತಿದ್ದೆ. ಬೆನ್ನಿನ ಮೇಲೆ ನಾಲ್ಕು ಕಣ್ಣು ನೆಟ್ಟಿರುವುದು ಸೀರೆ, ರವಿಕೆ ದಾಟಿ ಚರ್ಮಕ್ಕೆ ಗೊತ್ತಾಗುತ್ತಿತ್ತು. ಬಸ್ಸು ಹೊರಡುವಾಗ ಅಜ್ಜಿಯ ದನಿ ಕೇಳುತ್ತಿತ್ತು: "ಹುಷಾರಾಗಿ ಹೋಗಿ ಬಾ ನನ ತಾಯಿ." ಮೊಮ್ಮಗಳು ನಂಬಲೆಂದು ಎಷ್ಟು ಚೆನ್ನಾಗಿ ನಟಿಸುತ್ತಾರೆ ಎಂದು ನಾನು ಬೆರಗಾಗುತ್ತಿದ್ದೆ.

ಒಂದು ವಾರಕ್ಕೆ ಸಿಸ್ಟರ್ ಮೆಲ್ಲಗೆ, "ತುರುಬು ಬ್ಯಾಡ್ರಿ, ಆಕಿ ಜಡಿ ಹಾಕ್ತಿದ್ಲು" ಎಂದಳು. ಜಡೆ ಹಾಕಿಕೊಂಡೆ. ನಿಲ್ದಾಣದ ಹೂವಿನವಳು ಕೇಳದೆಯೇ ಒಂದು ಮೊಳ ಕನಕಾಂಬರ ಕೈಗಿಟ್ಟು, "ಆ ಟೀಚರ್ರು ಇದನ್ನೇ ಮುಡೀತಿದ್ರು" ಎಂದಳು. ಮುಡಿದುಕೊಂಡೆ. ಹಸಿರು ಸೀರೆ ಅವಳಿಗೆ ಒಪ್ಪುತ್ತಿತ್ತಂತೆ. ನನ್ನ ಬಳಿಯೂ ಎರಡಿದ್ದವು. ಯಾರೂ ಬಲವಂತ ಮಾಡಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಪ್ರೀತಿಯಿಂದ ಹೇಳಿದ್ದನ್ನು ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಭಾದ್ರಪದದ ಹೊತ್ತಿಗೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿತು. ಬೆಳಿಗ್ಗೆ ಹೋಗುವಾಗ ಸಾವಿರಾರು ಹೂವು ನಮ್ಮ ಬಸ್ಸಿಗೆ ಮುಖ ಕೊಟ್ಟು ನಿಂತಿರುತ್ತಿದ್ದವು. ಸಂಜೆ ಬರುವಾಗ ಅಷ್ಟೂ ಬೆನ್ನು. ಒಂದೇ ಒಂದು ತಿರುಗಿರುತ್ತಿರಲಿಲ್ಲ. ಮೊದಲು ಚೆಂದ ಅನ್ನಿಸಿತ್ತು. ದಿನ ಕಳೆದ ಹಾಗೆ ಸಂಜೆಯ ಹೊತ್ತು ಹೊರಗೆ ನೋಡುವುದನ್ನೇ ಬಿಟ್ಟೆ.

ಅಂಥದೇ ಒಂದು ಬೆಳಿಗ್ಗೆ ಕಂಡಕ್ಟರ್ ನಮ್ಮ ಶಾಲೆಯ ಹಳ್ಳಿ ಬಂದಾಗ ಸೀಟಿ ಊದಿ ಕೂಗಿದ: "ಗಿರಿಜಾ ಟೀಚರ್, ಇಳೀರಿ!"

"ಬಂದೆ" ಎಂದು ಎದ್ದೆ. ಇಳಿದು, ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ನನಗೆ ಅದು ಹೊಳೆಯಿತು. ಅವನು ತಪ್ಪಿ ಕರೆದಿದ್ದ, ಸರಿ. ನಾನು ಯಾಕೆ ಓಗೊಟ್ಟೆ? ಬಸ್ಸಿನಲ್ಲಿ ಒಬ್ಬರೂ ನಗಲಿಲ್ಲ ಯಾಕೆ? ಆ ದಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು.

ಸಂಜೆಯ ಕ್ರಮ ಬೇರೆ. ಕರ್ಚೀಫನ್ನು ನಾನು ಕಂಡಕ್ಟರಿಗೆ ಕೊಡುತ್ತಿದ್ದೆ, ಅವನು ನಿಲ್ದಾಣದಲ್ಲಿ ಕಾದಿರುತ್ತಿದ್ದ ಅಜ್ಜಿಗೆ ಕೊಡುತ್ತಿದ್ದ. ಅಜ್ಜಿ ಅದನ್ನು ಮೂಗಿಗೆ ಹಿಡಿದು ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನನ್ನ ಪೌಡರು, ನನ್ನ ಎಣ್ಣೆಯ ವಾಸನೆ ಅದಕ್ಕೆ ಹಿಡಿದಿತ್ತು. ಸಂಜೆ ನನ್ನನ್ನು ಕಂಡರೆ "ಬಂದ್ರೇನ್ರಿ ಟೀಚರ್ರೇ" ಎಂದು ಮಾತಾಡಿಸುವರು. ಅತ್ತವರ ಹಾಗೆ ಕಣ್ಣು ಕೆಂಪಗಿರುತ್ತಿತ್ತು. ಅದೇ ಅಜ್ಜಿ ಬೆಳಿಗ್ಗೆ ಎದುರಿಗೆ ಸಿಕ್ಕರೂ ಗುರುತೇ ಇಲ್ಲದವರ ಹಾಗೆ ನನ್ನನ್ನು ದಾಟಿ ಹೋಗುತ್ತಿದ್ದರು. ಬೆಳಗಿನ ಗಡಿಬಿಡಿ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಗ ಕೆಡಿಸಿಕೊಳ್ಳಬೇಕಿತ್ತು.

ಅನ್ನಪೂರ್ಣ ನಮ್ಮ ರೂಪಾಳ ಕ್ಲಾಸಿನವಳೇ. ಚಳಿಗಾಲ ಹಿಡಿಯುವ ಹೊತ್ತಿಗೆ ಇಬ್ಬರೂ ಒಂದೇ ಬೆಂಚು. ಒಂದು ದಿನ ರೂಪಾ, "ಅನ್ನಪೂರ್ಣನ ಅಮ್ಮನೂ ನಿನ್ನ ಬಸ್ಸಿನಾಗ ಬರ್ತಾಳಂತಲ್ಲ, ನೀ ನೋಡಿಯೇನು?" ಎಂದು ಕೇಳಿದಳು. "ಗದ್ಲ ಇರ್ತೈತವ್ವ, ನೋಡಿಲ್ಲ" ಎಂದೆ. ಇನ್ನೊಂದು ದಿನ ಕನ್ನಡಿ ಮುಂದೆ ಜಡೆ ಹೆಣೆಯುತ್ತಿದ್ದೆ, ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದಳು. "ಅಮ್ಮ, ನೀ ಯಾರಂಗ ಆಗಾಕತ್ತಿ?" ಎಂದಳು. ನಾನು ಗದರಿಸಿ ಕಳಿಸಿದೆ. ಆಮೇಲೆ ಕನ್ನಡಿ ನೋಡಲು ನನಗೇ ಧೈರ್ಯ ಬರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಭಾನುವಾರ ಮಧ್ಯಾಹ್ನ ಅನ್ನಪೂರ್ಣ ನಮ್ಮ ಮನೆಗೆ ಆಡಲು ಬಂದಳು. ಇಬ್ಬರೂ ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದರು. ನಾನು ಒಳಗೆ ಬಾಗಿಲಿಗೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದೆ. ಯಾವಾಗಲೋ ಹೊರಗಿನ ಸದ್ದು ನಿಂತಿತ್ತು. ಬಸ್ಸಿನಲ್ಲಿ ಬೆನ್ನಿಗೆ ಆಗುತ್ತಿತ್ತಲ್ಲ, ಅದೇ ಅಡುಗೆಮನೆಯಲ್ಲೂ ಆಯಿತು. ತಿರುಗಲು ಹೋದೆ.

"ಟೀಚರ್ರೇ, ತಿರುಗಬ್ಯಾಡ್ರಿ. ಹಂಗೇ ಇರ್ರಿ."

ಅನ್ನಪೂರ್ಣಳ ದನಿ. ಅಳು ಇಲ್ಲ, ಆಸೆ ಇಲ್ಲ. ನನ್ನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

"ಯಾಕವ್ವ?"

"ನೋಡಾಕತ್ತೀನ್ರಿ."

"ಏನು ನೋಡಾಕತ್ತಿ?"

"ಸರಿ ಅದೀರೋ ಇಲ್ಲೋ ಅಂತ." ಸ್ವಲ್ಪ ತಡೆದು ಮತ್ತೆ ಹೇಳಿದಳು: "ಜಡಿ ಇನ್ನೊಂದೀಟು ಕೆಳಗ ಬಿಡ್ರಿ. ಅಮ್ಮಂದು ಸೊಂಟದ ತನಕ ಇತ್ತು. ಮತ್ತ ಬಸ್ಸಿನಾಗ ಕುತ್ತಿಗಿ ಬಗ್ಗಸಬ್ಯಾಡ್ರಿ, ಆಕಿ ಬಗ್ಗಸ್ತಿದ್ದಿಲ್ಲ."

ಹೆಜ್ಜೆ ಸದ್ದು ಹೊರಗೆ ಹೋಯಿತು. ಕುಂಟೆಬಿಲ್ಲೆ ಮತ್ತೆ ಶುರುವಾಯಿತು. ಹೆಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ತುಂಬಿದರೂ ನಾನು ಎದ್ದಿರಲಿಲ್ಲ. ಮಗುವಿಗೆ ಗೊತ್ತಿದೆ. ನಾನು ಅವಳ ಅಮ್ಮನಲ್ಲ ಎಂದು ಗೊತ್ತಿದೆ. ಗೊತ್ತಿದ್ದೂ ದಿನಾ ಬಂದು ಕರ್ಚೀಫು ಹಾಕುತ್ತಾಳೆ, ನನ್ನ ಜಡೆ ಅಳೆಯುತ್ತಾಳೆ. ನಾವು ದೊಡ್ಡವರೆಲ್ಲ ಸೇರಿ ಈ ಮಗುವಿಗೆ ಏನು ಮಾಡಿಟ್ಟಿದ್ದೇವೆ?

ಸಿಸ್ಟರಿಗೆ ಹೇಳಿದೆ. "ಗೊತ್ತಿದ್ದೂ ಸುಮ್ನಿದ್ರ ಹಂಗೇ ಇರಲಿ ಬಿಡ್ರಿ. ಮುಚ್ಚಿದ ಗಾಯ ಕೆರೀಬಾರದು" ಎಂದಳು. ಯಜಮಾನರಿಗೆ ಹೇಳಿದೆ. ಆ ಕರ್ಚೀಫನ್ನು ಹಾಡಿ ಹೊಗಳಿದ್ದವರೇ, "ಒಂದಿನ ತಿರುಗಿಬಿಡು. ಅತ್ತರ ಅಳ್ಳಿ. ಸುಳ್ಳು ಎಷ್ಟು ದಿನ ಹೊರತಿ?" ಎಂದರು. ನನಗೂ ಅದೇ ಸರಿ ಅನ್ನಿಸಿತು. ಈ ವಿಚಿತ್ರದಿಂದ ಆ ಮಗುವನ್ನು ಬಿಡಿಸುವವಳು ನಾನೇ ಎಂದು ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಈಗ ಕಾಣುತ್ತದೆ.

ಪರೀಕ್ಷೆಗಳು ಹತ್ತಿರವಿದ್ದವು. ಮುಗಿಯಲಿ ಎಂದು ಕಾದೆ. ಯುಗಾದಿಯಾಯಿತು. ರಜೆಗೆ ಎರಡು ದಿನ ಉಳಿದಿದ್ದವು. ಆ ಬೆಳಿಗ್ಗೆ ತುರುಬು ಕಟ್ಟಿಕೊಂಡೇ ಹೋಗಬೇಕೆಂದಿದ್ದೆ. ಕೈ ತಾನಾಗಿ ಜಡೆ ಹೆಣೆದಿತ್ತು.

ಕರ್ಚೀಫು ಬಿತ್ತು. ಕೂತೆ. ಬೇವಿನ ಹೂವು ಉದುರಿ ನಿಲ್ದಾಣವೆಲ್ಲ ಕಹಿ ವಾಸನೆ. ಡ್ರೈವರ್ ಗಾಡಿ ಶುರು ಮಾಡಿದ. "ಹುಷಾರಾಗಿ ಹೋಗಿ ಬಾ ನನ ತಾಯಿ" ಎಂದು ಹಿಂದಿನಿಂದ ಕೇಳಿತು. ಸಿಸ್ಟರಿಗೆ ಏನೋ ಗೊತ್ತಾಗಿ ಕೈ ಚಾಚಿದಳು. ಅವಳ ಕೈ ತಪ್ಪಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾನು ಪೂರ್ತಿ ತಿರುಗಿದೆ.

ಅನ್ನಪೂರ್ಣ ನನ್ನನ್ನು ನೋಡುತ್ತಲೇ ಇರಲಿಲ್ಲ. ಬಸ್ಸಿಗೆ ಬೆನ್ನು ಹಾಕಿ, ಪಾಟೀಚೀಲ ತೂಗಿಸುತ್ತ, ಯಾವಾಗ ಮುಗಿಯುತ್ತದೋ ಎಂಬಂತೆ ಶಾಲೆಯ ದಾರಿ ನೋಡುತ್ತ ನಿಂತಿದ್ದಳು. ನೋಡುತ್ತಿದ್ದವರು ಅಜ್ಜಿ.

ಬಸಮ್ಮಜ್ಜಿಯ ಕೈ ಮೇಲೆತ್ತಿತ್ತು. ನಾನು ತಿರುಗಿದ ಕೂಡಲೇ ಆ ಮುಖದಲ್ಲಿ ನಗು ಬಂತು. ಎಷ್ಟೋ ದಿನದ ಮೇಲೆ ಮಗಳು ತಿರುಗಿ ನೋಡಿದಳು ಎಂಬ ತಾಯಿಯ ನಗು. ಆಮೇಲೆ ಅವರ ಕಣ್ಣು ನನ್ನ ಮುಖದ ಮೇಲೆ ಏನನ್ನೋ ಹುಡುಕಿದವು. ಹಣೆಯಲ್ಲಿ ಹುಡುಕಿದವು, ಬಾಯಲ್ಲಿ ಹುಡುಕಿದವು. ಸಿಗಲಿಲ್ಲ. ನಗು ಹೋದ ಮೇಲೂ ಎತ್ತಿದ ಕೈ ಇಳಿಯಲಿಲ್ಲ. ಬಸ್ಸು ತಿರುವು ತೆಗೆದುಕೊಳ್ಳುವ ತನಕ ಆ ಕೈ ಹಾಗೇ 'ಹೋಗಿ ಬಾ' ಎಂದು ನನಗೆ ಕಾಣುತ್ತಿತ್ತು.

ಆ ದಿನ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ನಿಲ್ದಾಣದಲ್ಲಿ ಅನ್ನಪೂರ್ಣ ಒಬ್ಬಳೇ ನಿಂತಿದ್ದಳು. ಕಂಡಕ್ಟರ್ ಕೊಟ್ಟ ಕರ್ಚೀಫನ್ನು ಇಸಿದುಕೊಂಡು, ನಾನು ಇಳಿಯುವುದನ್ನೇ ಕಾದಳು. ಮೊದಲ ಸಲ ನಾವಿಬ್ಬರೂ ಅಲ್ಲಿ ಮುಖಾಮುಖಿ ನಿಂತೆವು.

"ಅಜ್ಜಿ ಎಲ್ಲವ್ವ?"

"ಮಲಗ್ಯಾಳ್ರಿ."

"ನಿನಗ ಗೊತ್ತಿತ್ತಲ್ಲವ್ವ..."

"ನನಗ ಅವತ್ತೇ ಗೊತ್ತಿತ್ರಿ. ಅಮ್ಮಗ ಮಣ್ಣು ಕೊಡೋ ಹೊತ್ತಿಗೆ ಯಾರಿಗೂ ಕಾಣದಂಗ ನಾನೂ ಇದ್ನಲ್ರಿ. ಅಜ್ಜಿಗೇ ಬೆಳಿಗ್ಗೆ ಗೊತ್ತಿರ್ತಿದ್ದಿಲ್ಲ. ನನಗ ಹೇಳಿದ ಟ್ರೇನಿಂಗ್ ಸುಳ್ಳನ್ನ ತಾನೇ ನಂಬಿಬಿಡ್ತಿದ್ಲು. ಎದ್ದ ಕೂಡ್ಲೆ, ಅಮ್ಮಗ ಟ್ರೇನಿಂಗಿಗೆ ಹೊತ್ತಾತು, ಸೀಟ್ ಹಿಡಿಯೋಣ ನಡಿ ಅಂತಿದ್ಲು. ಸಂಜಿ ಮುಂದ ಗೊತ್ತಾಕ್ಕಿತ್ತು, ಅಳ್ತಿದ್ಲು. ಮತ್ತ ಬೆಳಿಗ್ಗೆ ಎದ್ರ ಮರತಿರ್ತಿದ್ಲು. ಅದಕ್ಕ ಅವತ್ತು ಅಮ್ಮ ಕುಂತಾಳ ಅಂತ ನಾನೇ ಕೂಗಿದ್ದು. ನೀವು ಕುಂತ ಮ್ಯಾಲ ಬೆಳಿಗ್ಗೆ ಚಲೋ ಇರ್ತಿದ್ಲು. ಉಣ್ತಿದ್ಲು."

"ನಮಗ್ಯಾಕ ಹೇಳಲಿಲ್ಲವ್ವ?"

ಅನ್ನಪೂರ್ಣ ನನ್ನನ್ನು ನೇರವಾಗಿ ನೋಡಿದಳು. "ಯಾರೂ ನನ್ನ ಕೇಳಲಿಲ್ಲಲ್ರಿ."

ಊರಿಡೀ, ಬಸ್ಸಿಡೀ, ನಾನೂ ಸೇರಿ, ಮಗುವಿಗೆ ಗೊತ್ತಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆವು. ಮಗುವನ್ನು ಒಂದು ಮಾತು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಗಾಳಿ ಜೋರಾಗಿತ್ತು. ಅವಳು ಕರ್ಚೀಫನ್ನು ಗಾಳಿಗೆ ಹಾರದ ಹಾಗೆ ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟಳು.

"ಅಜ್ಜಿ ನಿಮಗ ಕೊಡಂದ್ಲು. ಇನ್ನ ಮ್ಯಾಲ ನಿಮ್ಮ ಸೀಟು ನೀವೇ ಹಿಡ್ಕೋಬೇಕಂತ್ರಿ."

ಮರುದಿನ ಮೂರನೇ ಕಿಟಕಿಗೆ ಯಾರೂ ಬರಲಿಲ್ಲ. ಕರ್ಚೀಫು ಇಲ್ಲದ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ. ಮೆಟ್ಟಿಲ ತನಕ ಜನ ತುಂಬಿದ ಬಸ್ಸಿನಲ್ಲಿ ಅದೊಂದು ಖಾಲಿಯಾಗಿ ನಮ್ಮ ಜೊತೆ ಬಂತು.

ಆ ರಜೆಯಲ್ಲೇ ನಾವು ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಮಾಡಿದೆವು. ಅಷ್ಟು ಒಳ್ಳೆ ಶಾಲೆ, ಅಷ್ಟು ಒಳ್ಳೆ ನೆರೆಹೊರೆ ಬಿಟ್ಟು ಯಾಕೆ ಹೋದಿರಿ ಎಂದು ಕೇಳಿದವರಿಗೆ, ಆ ಊರು ನಮಗೆ ಆಗಿಬರಲಿಲ್ಲ ಎಂದಷ್ಟೇ ಹೇಳುತ್ತೇನೆ. ಊರಿನದೇನೂ ತಪ್ಪಿರಲಿಲ್ಲ. ಆಮೇಲೆ ಬಹಳ ವರ್ಷ ಎರಡು ಬಸ್ಸು ಹಿಡಿದು ಆ ಶಾಲೆಗೆ ಹೋದೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದ ಮೇಲೆ ಸೀಟು ಖಾಲಿಯಿದ್ದರೂ ಊರು ದಾಟುವ ತನಕ ನಿಂತೇ ಇರುತ್ತಿದ್ದೆ. ಬೇವಿನ ಮರದ ಕೆಳಗೆ ಯಾರಾದರೂ ನಿಂತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಬೆನ್ನಿಗೆ ಎಷ್ಟೇ ಅನ್ನಿಸಿದರೂ ಮತ್ತೊಮ್ಮೆ ನಾನು ತಿರುಗಿ ನೋಡಲಿಲ್ಲ.